ಓದಿನ ಹೊತ್ತಿನಲ್ಲಿ ತೆಗೆದ ಅಳತೆ

ಕೆಂಪು ಹತ್ತಿದರೆ ಓಡಬೇಕು, ಹಳದಿ ಹತ್ತಿದರೆ ಫೋನು ಮಾಡಬೇಕು, ಹಸಿರಿದ್ದರೆ ಟೀ ಕುಡಿಯಬೇಕು. ತುಮಕೂರಿನ ನಿಗಾ ಕೇಂದ್ರಕ್ಕೆ ಹೊಸದಾಗಿ ಸೇರಿದವರಿಗೆ ನಿಸಾರ್ ಹೇಳಿಕೊಡುತ್ತಿದ್ದ ಪಾಠ ಇಷ್ಟೇ. ಹೇಳಿ, ತಾನೇ ಎದ್ದು ಹೋಗಿ ಟೀ ತರುತ್ತಿದ್ದ. ಹೆಚ್ಚಿನ ದಿನಗಳು ಹಸಿರಾಗಿಯೇ ಇರುತ್ತಿದ್ದವು.

ಗೋಡೆಯ ತುಂಬ ಒಂದು ಪರದೆ. ಅದರಲ್ಲಿ ಇನ್ನೂರ ಹದಿನಾಲ್ಕು ಆಸರೆ ಮನೆಗಳು, ಒಂದೊಂದು ಮನೆಯೊಳಗೆ ಹದಿನೈದು ಇಪ್ಪತ್ತು ಚುಕ್ಕೆಗಳು. ಒಂದು ಚುಕ್ಕೆ ಎಂದರೆ ಒಬ್ಬ ಮನುಷ್ಯ. ಹುಟ್ಟಿನಿಂದ ಬುದ್ಧಿಯ ಬೆಳವಣಿಗೆ ನಿಧಾನವಾದವರು, ಮಾತು ಕಡಿಮೆ ಇರುವವರು, ನೋವಾದರೆ ಇಲ್ಲಿ ನೋವು ಎಂದು ತೋರಿಸಲಾರದವರು. ಅವರ ಎಡಗೈಗೆ ಬಟ್ಟೆಯಷ್ಟು ಮೆತ್ತನೆಯ ಒಂದು ಪಟ್ಟಿ. ಅದು ನಾಡಿಯನ್ನು, ಚರ್ಮದ ಬೆವರನ್ನು, ಉಸಿರಿನ ಏರಿಳಿತವನ್ನು, ಮೈ ಅಲುಗುವ ಲಯವನ್ನು ಓದಿಕೊಂಡು ನೂರರೊಳಗೆ ಒಂದು ಅಂಕಿ ಕೊಡುತ್ತಿತ್ತು. ಅದಕ್ಕೆ ನೆಮ್ಮದಿ ಅಂಕ ಎಂದು ಹೆಸರು. ಎಂಬತ್ತು ದಾಟಿದರೆ ಹಸಿರು.

ಪಟ್ಟಿಯನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಅದು ಬರುವ ಮೊದಲು ವರ್ಷಕ್ಕೆರಡು ಸಲ ತಪಾಸಣೆ ನಡೆಯುತ್ತಿತ್ತು. ತಪಾಸಣೆಯ ದಿನ ಹೊಸ ಹೊದಿಕೆ, ಎಣ್ಣೆ ಹಾಕಿ ಬಾಚಿದ ತಲೆ, ಮಧ್ಯಾಹ್ನಕ್ಕೆ ಪಾಯಸ. ಮರುದಿನ ಹೊದಿಕೆ ಬೀರುವಿಗೆ, ಮನುಷ್ಯರು ಮೂಲೆಗೆ. ಪಟ್ಟಿ ಬಂದ ಮೊದಲ ವರ್ಷವೇ ಎರಡು ಮನೆಗಳಲ್ಲಿ ಜನರನ್ನು ಮಂಚಕ್ಕೆ ಕಟ್ಟುತ್ತಿದ್ದದ್ದು ಬಯಲಾಯಿತು. ಯಾರೂ ದೂರು ಕೊಟ್ಟಿರಲಿಲ್ಲ, ಕೊಡುವ ನಾಲಿಗೆ ಅಲ್ಲಿರಲಿಲ್ಲ. ಕೈಪಟ್ಟಿಯೇ ಕೂಗಿಕೊಂಡಿತ್ತು.

ಆಮೇಲೆ ಒಂದು ನಿಯಮ ಬಂತು: ಹಸಿರಿದ್ದಾಗ ಅಲುಗಿಸಬಾರದು. ಅದಕ್ಕೂ ಕಾರಣವಿತ್ತು. ಸಣ್ಣಪುಟ್ಟದ್ದಕ್ಕೆಲ್ಲ ಇವರನ್ನು ಎಳೆದುಕೊಂಡು ಆಸ್ಪತ್ರೆಗೆ ಹೋಗುವುದು, ಅಲ್ಲಿ ಅವರು ಹೆದರಿ ಕಿರುಚುವುದು, ನಾಲ್ಕು ಜನ ಹಿಡಿದು ಸೂಜಿ ಚುಚ್ಚುವುದು. ಅದನ್ನೆಲ್ಲ ಕಂಡವರೇ ಈ ನಿಯಮ ಬರೆದದ್ದು. ನೆಮ್ಮದಿಯಲ್ಲಿರುವವರನ್ನು ನೆಮ್ಮದಿಯಲ್ಲಿರಲು ಬಿಡಿ ಎಂಬುದು ಅದರ ತಾತ್ಪರ್ಯ.

ಆ ಚುಕ್ಕೆಗಳಲ್ಲಿ ಒಂದು ನನ್ನ ತಮ್ಮ ಅಚ್ಯುತ.

*

ನಮ್ಮ ತಂದೆ ಚಿಕ್ಕನಾಯಕನಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದರು, ಸಂಜೆ ಹೊತ್ತು ಗಮಕಿಗಳು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಆರಕ್ಕೆ ದೀಪ ಹಚ್ಚಿ, ಕಾವ್ಯ ಬಿಚ್ಚಿ ರಾಗವಾಗಿ ಓದುತ್ತಿದ್ದರು. ಪಕ್ಕದ ಮನೆಯ ಸಂಸ್ಕೃತ ಮೇಷ್ಟರು ಅರ್ಥ ಹೇಳುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುವವಳು. ಓದು ಎಂದರೆ ನನಗೆ ಬರೀ ಕೇಳುವುದೇ ಆಗಿತ್ತು. ಅಕ್ಷರ ಕಲಿಯುವುದಕ್ಕೆ ಮೊದಲೇ ಷಟ್ಪದಿಯ ನಡೆ ಮೈಗೆ ಹತ್ತಿತ್ತು. ಆರು ಸಾಲು. ಎರಡು ಚಿಕ್ಕದು, ಮೂರನೆಯದು ಉದ್ದ, ಅಲ್ಲಿ ಉಸಿರು. ಮತ್ತೆ ಎರಡು ಚಿಕ್ಕದು, ಆರನೆಯದು ಉದ್ದ, ಅಲ್ಲಿ ಉಸಿರು. ಇವತ್ತಿಗೂ ನನಗೆ ದೇವರು ಎಂದರೆ ಆ ಉಸಿರು ನಿಲ್ಲುವ ಜಾಗ.

ಅಚ್ಯುತ ನನ್ನ ಪಕ್ಕ ಕೂತು ಹಿಂದೆ ಮುಂದೆ ತೂಗುತ್ತಿದ್ದ. ಅವನಿಗೆ ಒಟ್ಟು ಒಂಬತ್ತು ಮಾತು ಬರುತ್ತಿತ್ತು, ಆದರೆ ಲಯ ತಪ್ಪುತ್ತಿರಲಿಲ್ಲ. ಚಿಕ್ಕ ಸಾಲಿಗೆ ತೂಗುತ್ತಿದ್ದ, ಉದ್ದ ಸಾಲಿನ ಕೊನೆಯಲ್ಲಿ ಗಕ್ಕನೆ ನಿಲ್ಲುತ್ತಿದ್ದ. ಯುದ್ಧದ ಭಾಗ ಬಂದರಂತೂ ಮೂಗಿನಲ್ಲೇ ಹುಂ ಹುಂ ಎಂದು ದನಿಗೂಡಿಸಿ, ಬೆವತು, ಕೆಂಪಾಗಿ ತೂಗುತ್ತಿದ್ದ. "ಇವನೊಬ್ಬ ಸಾಕು ನನಗೆ ಸಭೆಗೆ," ಎನ್ನುತ್ತಿದ್ದರು ಅಪ್ಪ.

ಅಪ್ಪ ಹೋದರು, ಹಿಂದೆಯೇ ಅಮ್ಮ. ಅಚ್ಯುತ ತುರುವೇಕೆರೆಯ ಆಚೆಗಿನ ಹೊಂಗೆಮನೆ ಎಂಬ ಆಸರೆ ಮನೆಗೆ ಸೇರಿದ. ಹದಿನೆಂಟು ಜನ. ಒಳ್ಳೆಯ ಮನೆ. ಅಲ್ಲಿ ನೋಡಿಕೊಳ್ಳುವವರಲ್ಲಿ ಸಣ್ಣಲಿಂಗಮ್ಮ ಎಂಬಾಕೆ ಹಳಬಳು, ಹದಿನಾಲ್ಕು ವರ್ಷದಿಂದ ಇದ್ದಳು. ಅಚ್ಯುತನನ್ನು ಮೊದಲ ದಿನವೇ "ಅಚ್ಚಣ್ಣ" ಎಂದು ಕರೆದಳು, ಅವನು ಮೊದಲ ದಿನವೇ ಅವಳ ಸೆರಗು ಹಿಡಿದುಕೊಂಡ.

ಆರು ವರ್ಷದ ಹಿಂದೆ ಹೊಂಗೆಮನೆಗೆ ಪಟ್ಟಿಗಳು ಬಂದಾಗ ಅವನ್ನು ತೊಡಿಸಿ ಹೊಂದಿಸಲು ಹೋದವಳು ನಾನೇ. ಆಗ ನನ್ನ ಕೆಲಸ ಅದಾಗಿತ್ತು. ಪ್ರತಿಯೊಬ್ಬರ ನೆಮ್ಮದಿಯೂ ಬೇರೆ ಬೇರೆ, ಆದ್ದರಿಂದ ಪಟ್ಟಿಗೆ ಮೊದಲು ಆ ಮನುಷ್ಯ ನೆಮ್ಮದಿಯಾಗಿರುವ ಒಂದು ಹೊತ್ತನ್ನು ತೋರಿಸಬೇಕು. ಏಳು ದಿನ, ದಿನಕ್ಕೊಂದು ಗಂಟೆ. ಅದನ್ನು ಮೂಲ ಅಳತೆ ಎನ್ನುತ್ತೇವೆ. ಅಲ್ಲಿಂದ ಮುಂದೆ ಮೈ ಆ ಗಂಟೆಯಂತೆ ಇದ್ದಷ್ಟೂ ಅಂಕ ಏರುತ್ತದೆ, ಅದರಿಂದ ದೂರ ಹೋದಷ್ಟೂ ಇಳಿಯುತ್ತದೆ.

"ಯಾವ ಹೊತ್ತು ಹಿಡಿಯೋಣ?" ಎಂದು ಅಲ್ಲಿನ ಮ್ಯಾನೇಜರು ಕೇಳಿದರು. ನನಗೆ ಯೋಚಿಸಬೇಕೆನಿಸಲಿಲ್ಲ. ಸಂಜೆ ಆರರಿಂದ ಏಳು, ಕಾವ್ಯ ಓದಿಸೋಣ ಎಂದೆ. ಹದಿನೆಂಟು ಜನರನ್ನೂ ಜಗಲಿಯಲ್ಲಿ ಕೂರಿಸಿ, ಅಪ್ಪನ ಪುಸ್ತಕ ಬಿಚ್ಚಿ, ಏಳು ಸಂಜೆ ನಾನೇ ಓದಿದೆ. ಅಚ್ಯುತನಿಗೆ ಇಷ್ಟವೆಂದು ಯುದ್ಧದ ಭಾಗವನ್ನೇ ಆರಿಸಿಕೊಂಡೆ. ಎಲ್ಲರೂ ತೂಗಿದರು. ಸಣ್ಣಲಿಂಗಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೋ ಹೇಳಲು ಬಂದಳು, ನಾನು ಓದುತ್ತಿದ್ದೆ, ಅವಳು ಒಳಗೆ ಹೋದಳು.

ಹೊಂಗೆಮನೆಯ ಅಂಕ ರಾಜ್ಯದಲ್ಲೇ ಮೊದಲು ಬಂತು. ಅದನ್ನು ನೋಡಿ ಇನ್ನೂ ಅರವತ್ತು ಮನೆಗಳು ಅದೇ ಪದ್ಧತಿ ಹಿಡಿದವು, ನನ್ನ ಓದಿನ ಧ್ವನಿಮುದ್ರಣ ತರಿಸಿಕೊಂಡು. ಆ ಅರವತ್ತೊಂದು ಮನೆಗಳ ಮೂಲ ಅಳತೆಗೂ ಕೇಂದ್ರದ ದಾಖಲೆಯಲ್ಲಿ ಒಂದೇ ರುಜು. ಮಂದಾಕಿನಿ ಎಂದು, ನನ್ನದು.

*

ಆ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ನನ್ನ ಸ್ವಂತ ಫೋನು ಬಡಿದುಕೊಂಡಿತು. ಸಣ್ಣಲಿಂಗಮ್ಮ ಕೆಲಸದ ಹೊತ್ತಿನಲ್ಲಿ ಫೋನು ಮಾಡುವವಳಲ್ಲ.

"ಅಕ್ಕೋರೆ, ಅಚ್ಚಣ್ಣ ನೆನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ. ಬೆಳಗ್ಗೆ ಚಿತ್ರಾನ್ನ ಮಾಡಿದ್ದೆ. ಚಿತ್ರಾನ್ನ ಅಂದ್ರೆ ತಟ್ಟೆ ನೆಕ್ಕೋ ಗಂಡು, ಅತ್ಲಾಗೆ ತಳ್ಳಿಬುಟ್ಟ."

"ಹೊಟ್ಟೆ ನೋಡಿದ್ರಾ?"

"ತಮಟೆ ಆದಂಗಾಗೈತೆ. ಮೂರು ದಿನದಿಂದ ಆಚೆ ಕಡೀಕೂ ಹೋಗಿಲ್ಲ. ಮೂಲೇಲಿ ಕುಂತ್ಕಂಡು ತೂಗ್ತಾನೇ ಅವ್ನೆ."

"ಅಂಕ ಎಷ್ಟಿದೆ?"

"ತೊಂಬತ್ನಾಲ್ಕು ಅಂತೈತೆ ನಿಮ್ಮ ಪಟ್ಟಿ. ಅದಕ್ಕೆ ಹೊಟ್ಟೆ ಐತಾ ಅಕ್ಕೋರೆ, ಹೊಟ್ಟೆನೋವು ತಿಳಿಯಾಕೆ?"

"ಮ್ಯಾನೇಜರು ಏನಂತಾರೆ?"

"ಹಸಿರೈತೆ, ಅಲುಗಿಸಂಗಿಲ್ಲ ಅಂತಾರೆ. ಫೋನಲ್ಲಿ ಡಾಕ್ಟ್ರಿಗೆ ತೋರಿಸಿದ್ರು. ಆ ಯಪ್ಪ ಮೊದ್ಲು ಅಂಕ ನೋಡ್ದ, ಆಮೇಲೆ ಮಕ ನೋಡ್ದ. ಮಜ್ಜಿಗೆಗೆ ಜೀರಿಗೆ ಹಾಕಿ ಕೊಡಿ ಅಂದ. ಕುಡಿಸ್ದೆ, ವಾಂತಿ ಮಾಡ್ದ."

ಫೋನು ಇಟ್ಟು ನಿಸಾರನ ಮೇಜಿಗೆ ಹೋದೆ. ಹೊಂಗೆಮನೆ ಅವನ ಪಾಲಿನದು. ನಮ್ಮಲ್ಲಿ ಇನ್ನೊಂದು ನಿಯಮವಿದೆ: ನಂಟರಿರುವ ಮನೆಯ ಮೇಲೆ ನಾವು ಕಣ್ಣಿಡುವಂತಿಲ್ಲ, ಬಾಯಿ ಹಾಕುವಂತಿಲ್ಲ.

"ಮೇಡಂ, ಈ ಪರದೆ ನೀವು ನೋಡೋ ಹಾಗಿಲ್ಲ," ಎಂದ ನಿಸಾರ್, ಅದನ್ನು ನನ್ನ ಕಡೆಗೆ ತಿರುಗಿಸುತ್ತಲೇ. "ನೀವು ಗಡಿಯಾರ ನೋಡೋಕೆ ಬಂದ್ರಿ ಅಂತ ಇಟ್ಕೋತೀನಿ."

ಅಚ್ಯುತನ ಚುಕ್ಕೆ ಎಳೆ ಹುಲ್ಲಿನ ಹಾಗೆ ಹಸಿರಾಗಿತ್ತು. ಪಕ್ಕದಲ್ಲಿ ಹಿಂದಿನ ಮೂರು ದಿನದ ಅಂಕಗಳು, ಕೊನೆಗೆ ಇವತ್ತಿನದು. ಎಂಬತ್ತೆರಡು, ಎಂಬತ್ತೈದು, ತೊಂಬತ್ತು, ತೊಂಬತ್ನಾಲ್ಕು.

"ಏರ್ತಾ ಇದೆ. ಒಳ್ಳೇದಲ್ವಾ? ನಿಮ್ಮ ಹೊಂಗೆಮನೆ ಯಾವಾಗ್ಲೂ ಫಸ್ಟ್ ಕ್ಲಾಸು."

"ನಾಡಿ ಎಷ್ಟು?"

"ನೂರ ಹದಿನೆಂಟು."

"ಕೂತಿರೋ ಮನುಷ್ಯನಿಗೆ ನೂರ ಹದಿನೆಂಟು ನಾಡಿ ನೆಮ್ಮದಿ ಹೇಗಾಗತ್ತೆ ನಿಸಾರ್?"

ಅವನು ಹುಬ್ಬು ಗಂಟಿಕ್ಕಿ ಹಿಂದಿನ ದಾಖಲೆ ತೆಗೆದ. "ಇವರ ಮೂಲ ಅಳತೇಲೇ ನೂರ ಹತ್ತಿದೆ ಮೇಡಂ. ಬೆವರೂ ಜಾಸ್ತಿ ಇದೆ. ತೂಗಾಟ ಇದೆ, ಮೂಗಲ್ಲಿ ದನಿ ಇದೆ. ಇವರ ನೆಮ್ಮದೀನೇ ಹಾಗೆ ಅಂತ ಪಟ್ಟಿ ಕಲ್ತಿದೆ."

ಆ ಏಳು ಸಂಜೆಗಳು ಕಣ್ಣ ಮುಂದೆ ಬಂದವು. ಸಮರಾಂಗಣ, ರಥದ ಚಕ್ರ, ಏರಿದ ನನ್ನ ದನಿ. ಎದೆ ಹೊಡೆದುಕೊಳ್ಳುತ್ತ, ಬೆವರುತ್ತ ತೂಗಿದ ನನ್ನ ತಮ್ಮ. ಇದೇ ನೆಮ್ಮದಿ ಎಂದು ಪಟ್ಟಿಗೆ ಪಾಠ ಹೇಳಿಕೊಟ್ಟವಳು ನಾನು. ಈಗ ಹೊಟ್ಟೆನೋವಿಗೆ ಎದೆ ಹೊಡೆದುಕೊಳ್ಳುತ್ತ, ಬೆವರುತ್ತ, ನರಳುತ್ತ ಅವನು ತೂಗಿದರೆ ಪಟ್ಟಿಗೆ ಆ ಸಂಜೆಯೇ ಕಾಣುತ್ತಿತ್ತು. ನೋವು ಹೆಚ್ಚಿದಷ್ಟೂ ಅಂಕ ಏರುತ್ತಿತ್ತು.

"ತೂಗಾಟದ ಗೆರೆ ತೆಗಿ," ಎಂದೆ.

ಗೆರೆ ಬಂತು, ಅಲೆಯಲೆಯಾಗಿ. ನಾನು ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತ ಅದರ ಜೊತೆ ಹೋದೆ. ಹೌದು, ಅದೇ ನಡೆ. ನೋವಿನಲ್ಲೂ ಅವನಿಗೆ ಗೊತ್ತಿದ್ದ ಲಯ ಅದೊಂದೇ. ಒಂದು ಸಾಲು, ಎರಡು ಸಾಲು, ಉದ್ದ ಸಾಲು. ಆದರೆ ನಿಲ್ಲಬೇಕಾದ ಕಡೆ ನಿಲ್ಲುತ್ತಿರಲಿಲ್ಲ. ಸಾಲಿನ ನಡುವೆ ಎಲ್ಲೋ ಗಂಟಲು ಹಿಡಿದಂತೆ ಗೆರೆ ಸತ್ತು ಬೀಳುತ್ತಿತ್ತು, ಉಸಿರೂ ಅದರ ಜೊತೆಗೆ ಕಟ್ಟುತ್ತಿತ್ತು. ಆಮೇಲೆ ಮತ್ತೆ ಮೊದಲಿನಿಂದ.

"ಇಲ್ಲಿ ನೋಡು, ಇಲ್ಲಿ ಅವನು ನಿಲ್ಲಲ್ಲ. ಮೂವತ್ತೆಂಟು ವರ್ಷದಲ್ಲಿ ಒಂದು ದಿನ ನಿಂತಿಲ್ಲ. ಈ ನಿಲುಗಡೆ ಎಷ್ಟು ಹೊತ್ತಿಗೊಮ್ಮೆ ಬರ್ತಿದೆ ನೋಡು."

ನಿಸಾರ್ ಲೆಕ್ಕ ಹಾಕಿದ. "ನಾಲ್ಕು ನಿಮಿಷಕ್ಕೊಂದು. ಬೆಳಗ್ಗೆ ಏಳು ನಿಮಿಷಕ್ಕೊಂದು ಇತ್ತು." ಅವನ ದನಿಯಲ್ಲಿನ ತಮಾಷೆ ಹೋಗಿತ್ತು. ಅವನ ಹೆಂಡತಿಗೆ ಆರು ತಿಂಗಳ ಹಿಂದೆ ಹೆರಿಗೆಯಾಗಿತ್ತು. "ಮೇಡಂ, ಇದು ನೋವು ಬರೋ ರೀತಿ. ಅಲೆ ಬಂದ ಹಾಗೆ."

"ಕಳಿಸ್ತೀಯಾ ಆಸ್ಪತ್ರೆಗೆ?"

ಅವನು ಗುಂಡಿ ಒತ್ತಿದ. ಅಂಕ ಎಂಬತ್ತರ ಮೇಲಿದ್ದರೆ ಆ ಗುಂಡಿ ಕೆಲಸ ಮಾಡುವುದಿಲ್ಲ. ಗೊತ್ತಿದ್ದೂ ಮೂರು ಸಲ ಒತ್ತಿದ.

*

ಕೇಂದ್ರದ ಮುಖ್ಯಸ್ಥೆ ಸರ್ವಮಂಗಳಾ ಮೇಡಂ ನಿವೃತ್ತಿಗೆ ಹತ್ತಿರವಿದ್ದವರು. ಪಟ್ಟಿಗೆ ಮುಂಚಿನ ಕಾಲದಲ್ಲಿ ತಪಾಸಣೆಗೆ ಹೋಗುತ್ತಿದ್ದವರು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ಮಂದಾಕಿನಿ, ನೀನು ಅಕ್ಕ. ಅಕ್ಕನ ಮಾತು ಇಲ್ಲಿ ನಡೆಯಲ್ಲ ಅಂತ ನಿನಗೇ ಗೊತ್ತು."

"ಅಕ್ಕನಾಗಿ ಬಂದಿಲ್ಲ ಮೇಡಂ. ಆ ಮೂಲ ಅಳತೆಗೆ ರುಜು ಹಾಕಿದವಳಾಗಿ ಬಂದಿದೀನಿ. ರುಜು ಹಾಕಿದವರು ಅಳತೆ ತಪ್ಪು ಅಂತ ರದ್ದು ಮಾಡಬಹುದು. ರದ್ದಾದ್ರೆ ಚುಕ್ಕೆ ಬೂದಿ ಬಣ್ಣಕ್ಕೆ ಬರತ್ತೆ. ಬೂದಿಗೆ ಅಂಕ ಇಲ್ಲ. ಅಂಕ ಇಲ್ಲದ ಕಡೆ ಮನೆಯವರೇ ನೋಡಿ ತೀರ್ಮಾನ ಮಾಡಬೇಕು ಅಂತ ನಿಯಮದಲ್ಲೇ ಇದೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಒಬ್ಬನದು ಮಾತ್ರ ರದ್ದಾಗಲ್ಲ. ಒಂದೇ ಪದ್ಧತೀಲಿ ತೆಗೆದ ಅಳತೆ ಅಷ್ಟೂ ಹೋಗತ್ತೆ. ಎಷ್ಟು ಮನೆ?"

"ಅರವತ್ತೊಂದು."

"ಎಷ್ಟು ಜನ?"

"ಸಾವಿರದ ನೂರರ ಮೇಲೆ."

"ಅಷ್ಟೂ ಜನರನ್ನ ನೋಡ್ತಿರೋ ಕಣ್ಣನ್ನ ಈಗಿಂದೀಗ ಕಟ್ಟಿ ಬಿಡ್ತೀಯ. ಹಳೇ ಮನೆಗಳು ಹೇಗಿದ್ವು ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ಹೆದರಿದ ಆಯಾಗಳು ಎಲ್ಲರನ್ನೂ ವ್ಯಾನಿಗೆ ತುಂಬ್ತಾರೆ. ಇಲ್ಲಾ, ಬಾಗಿಲು ಹಾಕಿ ಕೂರಿಸ್ತಾರೆ. ಯಾರಿಗಾದ್ರೂ ಏನಾದ್ರೂ ಆದ್ರೆ?"

"ಈಗ ಆಗ್ತಿಲ್ಲ ಅಂತ ಯಾರು ಹೇಳಿದ್ದು ಮೇಡಂ?"

"ಅಂಕ..." ಎಂದರು.

ಗೋಡೆಯಾಚೆ ನಿಸಾರ್ ಕೂಗಿದ. "ಮೂರೂವರೆ ನಿಮಿಷಕ್ಕೊಂದು ಆಯ್ತು. ಅಂಕ ತೊಂಬತ್ತಾರು."

ನಾನು ರದ್ದತಿಯ ನಮೂನೆ ತೆರೆದೆ. ಕಾರಣ ಎಂಬಲ್ಲಿ ಏನು ಬರೆಯುವುದು? ನಮ್ಮ ಊರಿನಲ್ಲಿ ಕಾವ್ಯ ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಇಬ್ಬರೂ ಇದ್ದರೇ ಸಭೆ. ಇಲ್ಲಿ ಪಟ್ಟಿ ಓದುತ್ತಿತ್ತು. ಅರ್ಥ ಹೇಳಬೇಕಾದವಳು ಬಾಗಿಲಲ್ಲಿ ನಿಂತಿದ್ದಳು, ನಾವು ಅವಳನ್ನು ಒಳಗೆ ಕಳಿಸಿದ್ದೆವು. ಅದನ್ನೆಲ್ಲ ಬರೆಯಲು ಆ ಚೌಕದಲ್ಲಿ ಜಾಗವಿರಲಿಲ್ಲ. ಹೀಗೆ ಬರೆದೆ: "ಅಳತೆ ತೆಗೆದ ಗಂಟೆ ನನ್ನ ನೆಮ್ಮದಿಯ ಗಂಟೆ. ಅವರದೂ ಅದೇ ಎಂದು ನಾನು ಯಾರನ್ನೂ ಕೇಳಿ ತಿಳಿಯಲಿಲ್ಲ. ತಪ್ಪು ನನ್ನದು."

ಕೆಳಗೆ ಎರಡು ಹೆಬ್ಬೆಟ್ಟು ಬೇಕಿತ್ತು. ನನ್ನದು ಒತ್ತಿದೆ. ಸರ್ವಮಂಗಳಾ ಮೇಡಂ ಬರೆದದ್ದನ್ನು ಎರಡು ಸಲ ಓದಿದರು.

"ಮೊದಲೆಲ್ಲ ನಾನು ಹೋದ ತಕ್ಷಣ ಹೊದಿಕೆ ಎತ್ತಿ ಬೆನ್ನು ನೋಡ್ತಿದ್ದೆ. ಹೊಸ ಹೊದಿಕೆ ಇದ್ರೆ ಇನ್ನೂ ಬೇಗ ಎತ್ತುತ್ತಿದ್ದೆ," ಎಂದರು. "ಆರು ವರ್ಷ ಆಯ್ತು ಒಂದು ಹೊದಿಕೆ ಎತ್ತಿ." ತಮ್ಮ ಹೆಬ್ಬೆಟ್ಟು ಒತ್ತಿದರು.

ಪರದೆಯ ಮೇಲೆ ಅರವತ್ತೊಂದು ಮನೆಗಳು, ಊರಿನ ಕರೆಂಟು ಹೋದ ಹಾಗೆ, ಒಟ್ಟಿಗೆ ಬೂದಿಯಾದವು. ಕೋಣೆಯಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತರು. ನಾನು ಹೊಂಗೆಮನೆಗೆ ಫೋನು ಮಾಡಿದೆ.

"ಬೂದಿ ಬಂತು ಅಕ್ಕೋರೆ," ಎಂದಳು ಸಣ್ಣಲಿಂಗಮ್ಮ. ನಾನಿನ್ನೂ ಬಾಯಿ ತೆರೆದಿರಲಿಲ್ಲ. "ವ್ಯಾನು ಬಾಗಿಲಿಗೇ ನಿಲ್ಸಿದ್ದೆ, ಬಣ್ಣ ಹೋಗ್ಲಿ ಅಂತ ಕಾಯ್ತಿದ್ದೆ. ತಿಪಟೂರಿಗೆ ಹೊಂಟ್ವಿ."

"ಹೆದರ್ತಾನೆ ಅವನು. ಸೂಜಿ ಗೀಜಿ..."

"ಸೂಜಿ ಯಾಕೆ? ಕೈಗೆ ಒಂದು ಬುಟ್ಟಿ ಟವೆಲ್ ಕೊಟ್ಟಿವ್ನಿ. ಮಡಿಸ್ಕೊಂಡು ಕುಂತವ್ನೆ. ಇಡಿ ಫೋನ, ದಾರೀಲಿ ಗುಂಡಿ ಜಾಸ್ತಿ."

*

ನಾನು ತಿಪಟೂರು ತಲುಪುವಾಗ ಐದೂವರೆ. ಆಸ್ಪತ್ರೆಯ ಹಜಾರದಲ್ಲಿ ಸಣ್ಣಲಿಂಗಮ್ಮ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಹನ್ನೊಂದು ಟವೆಲ್, ಅಂಚಿಗೆ ಅಂಚು ಕೂಡಿ ಮಡಿಸಿದ್ದು. ಹನ್ನೆರಡನೆಯದು ಅರ್ಧ ಮಡಿಸಿತ್ತು.

"ಇದು ಮುಗ್ಸೋ ಮುಂಚೇನೇ ಕರ್ಕೊಂಡು ಹೋದ್ರು," ಎಂದಳು. ಅದನ್ನು ಅವಳು ಪೂರ್ತಿ ಮಡಿಸಿರಲಿಲ್ಲ.

ಕರುಳು ತಿರುಚಿಕೊಂಡಿತ್ತು. ಒದ್ದೆ ಬಟ್ಟೆ ಹಿಂಡಿದ ಹಾಗೆ ಎಂದರು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಮ್ಮ, ಹೊರಗೆ ಬಂದು ಎರಡೂ ಕೈಯಿಂದ ಹಿಂಡಿ ತೋರಿಸುತ್ತ. ಒಂದು ಗೇಣು ಕಪ್ಪಾಗಿತ್ತು, ತೆಗೆದಿದ್ದೇವೆ. ಉಳಿದದ್ದು ಚೆನ್ನಾಗಿದೆ. "ಇನ್ನೆರಡು ಗಂಟೆ ತಡ ಆಗಿದ್ರೆ ನಾನು ನಿಮ್ಮ ಹತ್ರ ಬೇರೆ ಮಾತಾಡಬೇಕಿತ್ತು. ಇಷ್ಟು ನೋವಿಟ್ಕೊಂಡು ಹೇಗೆ ಸುಮ್ನಿದ್ರು ಇವರು?"

"ಸುಮ್ಕೆ ಎಲ್ಲಿದ್ದ ಡಾಕ್ಟ್ರಮ್ಮ?" ಎಂದಳು ಸಣ್ಣಲಿಂಗಮ್ಮ. "ಮೂರು ದಿನದಿಂದ ಹೇಳ್ತಾನೇ ಇದ್ದ."

ನಿಸಾರ್ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಬೂದಿಯಾದ ಮನೆಗಳಿಂದ ಒಂದೇ ಸಮನೆ ಕರೆ. ಈಗ ನಾವೇನು ಮಾಡಬೇಕು ಎಂದು ಅವರು. ಅವನು ತನಗೆ ತೋಚಿದ್ದನ್ನು ಹೇಳುತ್ತಿದ್ದನಂತೆ: ಒಬ್ಬೊಬ್ಬರ ಹತ್ತಿರ ಹೋಗಿ ಕೂತ್ಕೊಳ್ಳಿ. ಕೈ ಕಾಲು ಮುಟ್ಟಿ ನೋಡಿ. ಊಟ ಮಾಡಿದ್ರಾ ಕೇಳಿ. ಹಳಬರು ಯಾರಿದ್ದಾರೋ ಅವರನ್ನ ಕೇಳಿ.

ಮರುದಿನ ಸಂಜೆಯ ಹೊತ್ತಿಗೆ ಯಾರು ಹೇಗಿದ್ದಾರೆ ಎಂಬ ವಿವರ ತಯಾರಾಗಿತ್ತು. ಹೆಚ್ಚಿನವರು ಚೆನ್ನಾಗಿದ್ದರು. ಒಂದು ಮನೆಯಲ್ಲಿ ಒಬ್ಬ ಹೆಂಗಸಿನ ದವಡೆಯಲ್ಲಿ ಕೀವು, ಅಂಕ ಎಂಬತ್ತೊಂಬತ್ತು ಇತ್ತು. ಇನ್ನೊಂದರಲ್ಲಿ ಪಾದದ ಮೂಳೆ ಮುರಿದು ಹನ್ನೊಂದು ದಿನವಾಗಿತ್ತು, ಅಂಕ ತೊಂಬತ್ತೊಂದು. ಮತ್ತೊಂದರಲ್ಲಿ ಒಬ್ಬರ ಬೆನ್ನಿನ ಮೇಲೆ ಬಿಸಿನೀರು ಚೆಲ್ಲಿದ ಗಾಯ. ಸರ್ವಮಂಗಳಾ ಮೇಡಂ ಹೇಳಿದ್ದೂ ಸುಳ್ಳಾಗಲಿಲ್ಲ. ಒಂದು ಮನೆಯಲ್ಲಿ ಗಾಬರಿಯಿಂದ ಒಬ್ಬನನ್ನು ಎಳೆದಾಡಿ ಭುಜ ಉಳುಕಿಸಿದ್ದರು. ಅವನ ಹೆಸರು ಮಲ್ಲಪ್ಪ. ವಿಚಾರಣೆಯಲ್ಲಿ ನನ್ನ ತಪ್ಪಿನ ಕೆಳಗೆ ಆ ಹೆಸರನ್ನೂ ಬರೆಯಿರಿ ಎಂದು ನಾನೇ ಹೇಳಿದೆ. ಬರೆದುಕೊಂಡರು. ನನ್ನನ್ನು ಪರದೆಯ ಮುಂದಿನಿಂದ ತೆಗೆದು ಮತ್ತೆ ಮನೆಮನೆಗೆ ಹೋಗುವ ಕೆಲಸಕ್ಕೆ ಹಾಕಿದರು. ಅಳತೆಗಳನ್ನು ಹೊಸದಾಗಿ ತೆಗೆಯಬೇಕಿತ್ತು.

*

ನಾಲ್ಕು ವಾರದ ಮೇಲೆ ಹೊಂಗೆಮನೆಗೆ ಹೋದೆ. ಅಚ್ಯುತ ಇಳಿದುಹೋಗಿದ್ದ, ಅಂಗಿ ಜೋತಾಡುತ್ತಿತ್ತು. ನನ್ನನ್ನು ಕಂಡು ತನ್ನ ಒಂಬತ್ತು ಮಾತುಗಳಲ್ಲಿ ಒಂದನ್ನು ಹೇಳಿದ. "ಬಾ."

ಈ ಸಲ ಕಾಗದ ಹಿಡಿದು ಸಣ್ಣಲಿಂಗಮ್ಮನ ಮುಂದೆ ಕೂತೆ. ಹದಿನೆಂಟು ಜನ, ಒಬ್ಬೊಬ್ಬರದೂ ಯಾವ ಹೊತ್ತು ಎಂದು ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಹೇಳಿದಳು. ಗೌರಕ್ಕನಿಗೆ ತಲೆ ಬಾಚುವಾಗ, ಆದರೆ ಜಡೆ ಹಾಕುವಾಗ ಅಲ್ಲ. ಫ್ರಾನ್ಸಿಸನಿಗೆ ಗೇಟಿನ ಹತ್ತಿರ ಹಾಲಿನ ವ್ಯಾನು ಬರುವ ತನಕ, ಬಂದ ಮೇಲೆ ಇಲ್ಲ. ಒಬ್ಬೊಬ್ಬರ ಹೊತ್ತಿಗೂ ಅವಳ ಹತ್ತಿರ ಒಂದು "ಆದರೆ" ಇತ್ತು. ನಾನು ಎಲ್ಲವನ್ನೂ ಬರೆದುಕೊಂಡೆ.

"ಅಚ್ಯುತನದು?"

"ಬಟ್ಟೆ ಮಡಿಸೋ ಹೊತ್ತು. ಸಂಜೆ ಐದರ ಮ್ಯಾಲೆ. ಒಣಗಿದ ಬಟ್ಟೆ ತಂದು ಗುಡ್ಡೆ ಹಾಕಿದ್ರೆ ಸಾಕು, ಜಗತ್ತೇ ಬೇಡ. ಮೈಯೇ ಅಲುಗಲ್ಲ, ಕೈ ಮಾತ್ರ."

"ಆ ಏಳು ದಿನ ಇದನ್ನೇ ಹೇಳೋಕೆ ಬಂದಿದ್ರಾ?"

"ನೀವು ದೇವರ ಪುಸ್ತಕ ಓದ್ತಿದ್ರಿ. ಮಧ್ಯ ಬಾಯಿ ಹಾಕಬಾರದು ಅಂತ ಸುಮ್ಕಾದೆ." ಅವಳು ಒಂದು ಕಾಯಿ ಬಿಡಿಸಿದಳು. "ನಾನೂ ತಪ್ಪೇ ಮಾಡ್ದೆ ಬುಡಿ."

ಕೇಳಬೇಕೋ ಬೇಡವೋ ಎಂದು ನಾಲ್ಕು ವಾರದಿಂದ ತಡೆದಿಟ್ಟುಕೊಂಡಿದ್ದನ್ನು ಕೇಳಿದೆ. "ಸಣ್ಣಲಿಂಗಮ್ಮ, ಓದುವಾಗ ಅವನು ತೂಗ್ತಾನಲ್ಲ. ಅದು ಇಷ್ಟಕ್ಕೋ, ಕಷ್ಟಕ್ಕೋ?"

ಮೂವತ್ತು ವರ್ಷ ಅಪ್ಪನ ಮುಂದೆ, ಆಮೇಲೆ ನನ್ನ ಮುಂದೆ ಕೂತು ತೂಗಿದವನು. ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

"ಒಂದೊಂದು ದಿನ ಇಷ್ಟ. ಒಂದೊಂದು ದಿನ ಕಷ್ಟ. ನಮಗಿಲ್ವಾ ಹಂಗೆ? ದಿನಾ ದಿನಾ ನೋಡ್ಬೇಕು ಅಕ್ಕೋರೆ. ಒಂದು ದಿನ ನೋಡಿ ಆರು ವರ್ಷಕ್ಕೆ ಇಟ್ಕಳಕಾಗಲ್ಲ."

ಆರಕ್ಕೆ ದೀಪ ಹಚ್ಚಿದರು. ಅಭ್ಯಾಸದಿಂದ ಅಪ್ಪನ ಪುಸ್ತಕ ಚೀಲದಲ್ಲಿತ್ತು. ಜಗಲಿಯಲ್ಲಿ ಕೂತು ಬಿಚ್ಚಿದೆ. ಗೌರಕ್ಕ ಬಂದು ಕೂತಳು, ಇನ್ನಿಬ್ಬರು ಬಂದರು. ಉಳಿದವರು ಬರಲಿಲ್ಲ, ಯಾರೂ ಅವರನ್ನು ಕರೆತರಲಿಲ್ಲ. ಮೊದಲ ಮೂರು ಸಾಲು ಓದಿ, ಉಸಿರು ನಿಲ್ಲುವ ಜಾಗದಲ್ಲಿ ನಿಲ್ಲಿಸಿ, ಅಚ್ಯುತನ ಕಡೆ ನೋಡಿದೆ.

ಅವನು ಜಗಲಿಯ ಆ ತುದಿಯಲ್ಲಿ ಬಟ್ಟೆಯ ಗುಡ್ಡೆಯ ಮುಂದೆ ಕೂತಿದ್ದ. ತೂಗುತ್ತಿರಲಿಲ್ಲ. ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದ, ಕೈಯಲ್ಲಿದ್ದ ಟವೆಲನ್ನು ನೋಡಿದ, ಮತ್ತೆ ಮಡಿಸತೊಡಗಿದ.

ನಾನು ಪುಸ್ತಕವನ್ನು ಗೌರಕ್ಕನ ಮಡಿಲಲ್ಲಿಟ್ಟೆ. ಅವಳಿಗೆ ಅದರ ಚಿನ್ನದ ಬಣ್ಣದ ಅಂಚು ಸವರುವುದೆಂದರೆ ಇಷ್ಟವಂತೆ. ಎದ್ದು ಹೋಗಿ ಅಚ್ಯುತನ ಪಕ್ಕ ಕೂತು, ಗುಡ್ಡೆಯಿಂದ ಒಂದು ಟವೆಲ್ ಎಳೆದುಕೊಂಡು ಮಡಿಸಿ ಅವನ ಮುಂದಿಟ್ಟೆ.

ಅವನು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಪೂರ್ತಿ ಬಿಚ್ಚಿದ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒತ್ತಿ, ಮತ್ತೆ ಮಡಿಸಿ, ಉಳಿದವುಗಳ ಮೇಲಿಟ್ಟು, ಇನ್ನೊಂದನ್ನು ನನ್ನ ಕಡೆಗೆ ತಳ್ಳಿದ.